ಮೂರನೆಯವಳ ದನಿ

ನಾನು ಈಗ ಕುಳಿತಿರುವ ಈ ಕೋಣೆಯಲ್ಲಿ, ಎದುರಿನ ಗೋಡೆಯ ಮೇಲೆ, ಒಂದು ಕೆಂಪು ದೀಪ ಉರಿಯುತ್ತಿದೆ. ಅದು ಹೊತ್ತಿಕೊಂಡ ಕ್ಷಣದಿಂದ ನನ್ನ ದನಿ ಬೇರೆಯಾಗಿಬಿಟ್ಟಿದೆ. ಐದು ನಿಮಿಷಗಳ ಹಿಂದೆ ಹೊರಗಿನ ಬೆಂಚಿನ ಮೇಲೆ ಕುಳಿತು ಕಾಫಿ ಕುಡಿಯುತ್ತ ಕಾರ್ಯಕ್ರಮ ನಿರ್ವಾಹಕರೊಡನೆ ಹರಟುತ್ತಿದ್ದಾಗ ನಾನು ‘ಬರ್ತೀನಿ, ನೋಡ್ತೀನಿ’ ಎನ್ನುತ್ತಿದ್ದೆ. ಇಲ್ಲಿ ‘ಬರುತ್ತೇನೆ, ನೋಡುತ್ತೇನೆ’ ಎನ್ನುತ್ತಿದ್ದೇನೆ. ಹಾಗೆ ಮಾತನಾಡಿರೆಂದು ಯಾರೂ ನನಗೆ ಅಪ್ಪಣೆ ಕೊಡಲಿಲ್ಲ. ದೀಪ ಉರಿಯಿತು, ನಾಲಗೆ ಪಂಚೆ ಸರಿಪಡಿಸಿಕೊಂಡು ನೆಟ್ಟಗೆ ಕುಳಿತಿತು.

ಈ ದೀಪದ ಸಂಗತಿಯಿಂದಲೇ ಮಾತು ಪ್ರಾರಂಭಿಸಲು ಕಾರಣವಿದೆ. ದೂರವಾಣಿಯಲ್ಲಿ ಆಡಿದ ಮಾತುಗಳನ್ನು ಮುದ್ರಿಸಿಕೊಳ್ಳುವುದು, ಎಂದರೆ ಈಗ ಎಲ್ಲರೂ ಕಾಲ್ ರೆಕಾರ್ಡಿಂಗ್ ಎನ್ನುವುದು, ಇಂದಿನ ನನ್ನ ವಿಷಯ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಆ ಗೊಡವೆ ನನಗೆ ನನ್ನ ಅಕ್ಕನಿಂದ ಬಂದದ್ದು.

ಅಕ್ಕ ಇದ್ದದ್ದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ. ಒಂಟಿ ಮನೆ, ಮನೆಯ ಕೆಳಗೆ ತೋಟ. ಪ್ರತಿ ಭಾನುವಾರ ಸಂಜೆ ನಾನು ಅವಳಿಗೆ ಫೋನ್ ಮಾಡುತ್ತಿದ್ದೆ. ಮನೆಯ ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಅಂಗಳದ ತುದಿಯಲ್ಲಿ, ತುಳಸಿಕಟ್ಟೆಯ ಪಕ್ಕದಲ್ಲಿ ನಿಂತರೆ ಮಾತ್ರ ಸಿಗುತ್ತಿತ್ತು. ಆದ್ದರಿಂದ ಅವಳು ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು, ಚಳಿಗಾಲದಲ್ಲಿ ಶಾಲು ಹೊದ್ದುಕೊಂಡು ಅಲ್ಲಿ ನಿಂತು ಮಾತನಾಡುವಳು. ಮಾತು ಯಾವಾಗಲೂ ಮಳೆಯಿಂದ ಆರಂಭವಾಗುತ್ತಿತ್ತು. ಆರಿದ್ರಾ ಹೇಗೆ ಬಂತು, ಪುನರ್ವಸು ಕೈಕೊಟ್ಟಿತೇ, ಕೊಳೆರೋಗಕ್ಕೆ ಮದ್ದು ಹೊಡೆಯಲು ಎರಡು ದಿನ ಹೊಳವು ಸಿಕ್ಕಿತೇ, ಕೊನೆಗಾರ ಬಂದನೇ, ದನ ಕರು ಹಾಕಿತೇ. ಅಲ್ಲಿಂದ ನೆಂಟರಿಷ್ಟರಿಗೆ, ಅಲ್ಲಿಂದ ನನ್ನ ಸಕ್ಕರೆ ಕಾಯಿಲೆಗೆ. ಅವಳು 2022ರ ಕಾರ್ತಿಕ ಮಾಸದಲ್ಲಿ ತೀರಿಕೊಂಡಳು. ಎಪ್ಪತ್ತೆರಡು ವರ್ಷವಾಗಿತ್ತು.

ಮರುವರ್ಷದ ಆರಂಭದಲ್ಲಿ ನನ್ನ ಫೋನು ಇನ್ನು ಜಾಗವಿಲ್ಲ ಎಂದು ಹಟ ಹಿಡಿಯಿತು. ಪಕ್ಕದ ಮನೆಯ ಕಾಲೇಜು ಹುಡುಗನ ಕೈಗೆ ಕೊಟ್ಟೆ. ಅವನು ಎಲ್ಲೆಲ್ಲಿಯೋ ಒತ್ತಿ, “ಸರ್, ನಿಮ್ಮ ಎಲ್ಲ ಕರೆಗಳೂ ಇದರಲ್ಲಿ ರೆಕಾರ್ಡ್ ಆಗಿವೆ. ಅದಕ್ಕೇ ತುಂಬಿದೆ. ಅಳಿಸಿಬಿಡಲಾ?” ಎಂದ. ನನಗೆ ಅರ್ಥವಾಗಲಿಲ್ಲ. 2018ರಲ್ಲಿ ಆ ಫೋನನ್ನು ಕೊಂಡಾಗ ಅಂಗಡಿಯ ಹುಡುಗನೋ ಮತ್ತೊಬ್ಬರೋ ಅದರೊಳಗಿನ ಒಂದು ಗುಂಡಿಯನ್ನು ಒತ್ತಿದ್ದರು. ಅಂದಿನಿಂದ ನಾನು ಆಡಿದ ಪ್ರತಿಯೊಂದು ಮಾತನ್ನೂ, ಅನಿಲದ ಸಿಲಿಂಡರ್ ಬುಕ್ ಮಾಡಿದ್ದರಿಂದ ಹಿಡಿದು ಸಂಶೋಧನ ವಿದ್ಯಾರ್ಥಿಗಳನ್ನು ಗದರಿದ್ದರವರೆಗೆ, ಅದು ಸದ್ದಿಲ್ಲದೆ ಶೇಖರಿಸುತ್ತ ಬಂದಿತ್ತು. ಹುಡುಗನಿಗೆ ತಡೆದೆ. ಅಕ್ಕನ ಹೆಸರಿನಲ್ಲಿ ಎಷ್ಟಿವೆ ನೋಡೆಂದೆ. 143 ಇದ್ದವು.

ಅವನು ಮೊದಲನೆಯದನ್ನು ಹಚ್ಚಿದ. ಮಳೆಯ ಸದ್ದು ಮೊದಲು ಕೇಳಿಸಿತು, ಕೊಡೆಯ ಮೇಲೆ ಬೀಳುವ ಮಳೆ. ಅದರ ಹಿಂದಿನಿಂದ, “ಎಂತ ಮಾರಾಯ, ಊಟ ಆಯ್ತಾ?” ಹುಡುಗ ಏಕೋ ಎದ್ದು ಮನೆಗೆ ಹೋದ.

ಆ ನಂತರದ ಎರಡು ತಿಂಗಳು ನಾನು ದಿನಕ್ಕೆ ಎರಡು ಮೂರರಂತೆ ಅವನ್ನು ಕೇಳಿದೆ. ದುಃಖದ ಮಾತು ಬಿಡಿ. ಅದು ಎಲ್ಲರಿಗೂ ತಿಳಿದದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಕನ್ನಡ. ಅಕ್ಕನಿಗೆ ಮಳೆ ಸುರಿಯುತ್ತಿರಲಿಲ್ಲ, ಬರುತ್ತಲೂ ಇರಲಿಲ್ಲ, ‘ಹೊಯ್ಯುತ್ತಿತ್ತು’. ಹಳಗನ್ನಡದ ‘ಪೊಯ್’ ಧಾತುವನ್ನು ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು, ಪಕಾರ ಹಕಾರವಾದ ಬಗೆಯನ್ನು ಬೆವರಿಳಿಸಿಕೊಂಡು ವಿವರಿಸುತ್ತಿದ್ದೆ; ಅದೇ ಧಾತು ಪ್ರತಿ ಜೂನ್ ತಿಂಗಳಲ್ಲಿ ಅಕ್ಕನ ಅಂಗಳದಲ್ಲಿ ನೆನೆಯುತ್ತ ನಿಂತಿತ್ತು. ಮೂವತ್ತು ವರ್ಷ ಅವಳ ಮಾತನ್ನು ಕೇಳಿಯೂ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ.

ಇಲ್ಲಿ ಹಳೆಯದೊಂದು ಸಂಗತಿ ಹೇಳಬೇಕು. ಎಂ.ಎ. ವಿದ್ಯಾರ್ಥಿಯಾಗಿದ್ದಾಗ, ಎಂಬತ್ತರ ದಶಕದ ಆರಂಭದಲ್ಲಿ, ನಮ್ಮನ್ನು ಜಾನಪದ ಕ್ಷೇತ್ರಕಾರ್ಯಕ್ಕೆಂದು ಕಳಿಸುತ್ತಿದ್ದರು. ವಿಭಾಗದ ಕ್ಯಾಸೆಟ್ ಯಂತ್ರವೊಂದನ್ನು ಮಗುವಿನಂತೆ ಎತ್ತಿಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಒಂದು ಊರಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಲೋಕಾಭಿರಾಮವಾಗಿ ಹಾಡುತ್ತಿದ್ದ ಅಜ್ಜಿಯೊಬ್ಬಳು ನಾನು ಯಂತ್ರದ ಗುಂಡಿ ಒತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಆಮೇಲೆ ಹಾಡಿದ್ದು ಒಂದು ಸಿನಿಮಾ ಹಾಡು! ಅದೇ ಯಂತ್ರಕ್ಕೆ ತಕ್ಕದ್ದೆಂದು ಆಕೆ ಎಣಿಸಿದ್ದಳು. ಜನ ತಮ್ಮನ್ನು ಯಾರೂ ಗಮನಿಸದಿರುವಾಗ ಹೇಗೆ ಮಾತನಾಡುತ್ತಾರೆಂಬುದೇ ಭಾಷಾಶಾಸ್ತ್ರಜ್ಞನಿಗೆ ಬೇಕಾದದ್ದು, ಆದರೆ ಗಮನಿಸದೆ ಅದು ಸಿಗುವುದಿಲ್ಲ ಎಂಬ ಈ ಪೇಚನ್ನು ಅಮೆರಿಕದ ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ 1972ರಲ್ಲಿಯೇ ವಿವರಿಸಿದ್ದರು. ನಮ್ಮ ಜಾನಪದ ಸಂಗ್ರಾಹಕರು ಹೆಸರಿಡದೆ ಅನುಭವಿಸಿದ ಪೇಚೂ ಅದೇ. ಎಷ್ಟೋ ಪಂಡಿತರಿಗೆ ದಕ್ಕದ ಅಂಥ ನಿರಾಳ ಮಾತು, ಏನೂ ಅರಿಯದ ನನ್ನ ಜೇಬಿನೊಳಗೆ ನಾಲ್ಕು ವರ್ಷಗಳ ಕಾಲ ತಾನಾಗಿಯೇ ಬಂದು ತುಂಬಿಕೊಂಡಿತ್ತು.

ಅಲ್ಲಿಗೆ ತೊಡಕು ಪ್ರಾರಂಭವಾಯಿತು. ಅಕ್ಕನ ಮಗ, ನನ್ನ ಸೋದರಳಿಯ, ಬೆಂಗಳೂರಿನಲ್ಲಿದ್ದಾನೆ. ಸುದ್ದಿ ಕೇಳಿದವನೇ, “ಮಾವ, ಅಮ್ಮನ ದನಿ ಎಷ್ಟಿದೆಯೋ ಅಷ್ಟನ್ನೂ ನನಗೆ ಕಳಿಸಿ” ಎಂದ. ಕೇಳುವ ಹಕ್ಕು ನನಗಿಂತ ಅವನಿಗೇ ಹೆಚ್ಚು. ಕಳಿಸಲು ಕುಳಿತೆ. ಹನ್ನೊಂದನೆಯ ಕರೆಯಲ್ಲಿ ಅಕ್ಕ ಇದ್ದಕ್ಕಿದ್ದಂತೆ ದನಿ ತಗ್ಗಿಸಿ, “ಇದು ನಿನ್ನಲ್ಲೇ ಇರಲಿ” ಎಂದಳು. ಆಮೇಲೆ ಹೇಳಿದ್ದು ಮಗನನ್ನು ಕುರಿತ ಮಾತು, ಮನೆಯೊಳಗಿನ ಮಾತು. ತಾಯಂದಿರು ತಮ್ಮನ ಹತ್ತಿರ ಮಾತ್ರ ಹೇಳಿ ಹಗುರಾಗುವಂಥದು, ಮರುದಿನ ತಾವೇ ಮರೆಯುವಂಥದು. ನಾನೂ ಮರೆತಿದ್ದೆ. ಯಂತ್ರ ಮರೆತಿರಲಿಲ್ಲ. ಅವಳು ‘ನಿನ್ನಲ್ಲೇ ಇರಲಿ’ ಎಂದ ಮಾತನ್ನೂ ಅದು ಚಾಚೂ ತಪ್ಪದೆ ಮುದ್ರಿಸಿಕೊಂಡಿತ್ತು.

ಗ್ರಂಥಸಂಪಾದನೆ ನಾನು ಅನೇಕ ವರ್ಷ ಪಾಠ ಮಾಡಿದ ವಿಷಯ. ಓಲೆಗರಿಗಳ ಪಾಠಾಂತರ ಹೋಲಿಸಿ, ಲಿಪಿಕಾರನ ತಪ್ಪು ತಿದ್ದಿ, ಕವಿಯ ಮೂಲಪಾಠಕ್ಕೆ ಹತ್ತಿರವಾಗುವುದು ಹೇಗೆಂದು ಹುಡುಗರಿಗೆ ಹೇಳುತ್ತಿದ್ದವನು, ಅರವತ್ತು ದಾಟಿದ ಮೇಲೆ ಒಡಹುಟ್ಟಿದ ಅಕ್ಕನ ಮಾತನ್ನೇ ಸಂಪಾದಿಸಲು ಕುಳಿತೆ. ಇದರಲ್ಲಿ ಲಿಪಿಕಾರನ ತಪ್ಪು ಒಂದೂ ಇರಲಿಲ್ಲ, ಅದೇ ಕಷ್ಟವಾದದ್ದು. 143ರಲ್ಲಿ 124ನ್ನು ಅಳಿಯನಿಗೆ ಕೊಟ್ಟೆ. ಉಳಿದ 19 ನನ್ನಲ್ಲಿವೆ. ಅಷ್ಟೇ ಇದ್ದವೆಂದು ಅವನಿಗೆ ಹೇಳಿದೆ. ಅವನು ಈ ಹೊತ್ತು ರೇಡಿಯೋ ಕೇಳುತ್ತಿದ್ದರೆ ಅದು ಸುಳ್ಳೆಂದು ಅವನಿಗೆ ಈಗ ತಿಳಿಯುತ್ತಿದೆ. ಎದುರಿಗೆ ಹೇಳಲು ಬಾಯಿ ಬಾರದ್ದರಿಂದ ಇಲ್ಲಿಂದ ಹೇಳುತ್ತಿದ್ದೇನೆ. ಅವನ್ನು ಅಳಿಸಲು ಕೂಡ ಎರಡು ಮೂರು ಬಾರಿ ಕೈ ಹೋಗಿದೆ. ಅವುಗಳಲ್ಲಿಯೂ ಮಳೆ ಹೊಯ್ಯುತ್ತಿದೆ.

ಆ ಹಳೆಯ ಫೋನು ಅದೇ ವರ್ಷ ಕೆಟ್ಟಿತು. ಹೊಸದು ಬಂತು. ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ಸಾಗರದಲ್ಲಿದ್ದಾನೆ. ಅಕ್ಕನ ಭಾನುವಾರ ಅವನ ಪಾಲಿಗೆ ಬಂದಿತ್ತು. ಅಕ್ಕನ ಮಾತುಗಳು ಉಳಿದಂತೆ ಅವನ ಮಾತುಗಳೂ ಉಳಿಯಲಿ ಎಂಬ ಆಸೆಯಿಂದ, ಈ ಬಾರಿ ತಿಳಿದೂ ತಿಳಿದೂ, ರೆಕಾರ್ಡ್ ಎಂದಿರುವ ಕಡೆ ಒತ್ತಿದೆ. ನಮ್ಮಿಬ್ಬರ ನಡುವೆ ಒಬ್ಬ ಹೆಂಗಸಿನ ದನಿ ಎದ್ದಿತು. “ದಿಸ್ ಕಾಲ್ ಈಸ್ ನೌ ಬೀಯಿಂಗ್ ರೆಕಾರ್ಡೆಡ್.” ಅಣ್ಣ ಮಾತು ನಿಲ್ಲಿಸಿದ. “ಯಾರೋ ಅದು?” ಎಂದ. ಯಂತ್ರವೆಂದು ಹೇಳಿದೆ. ಒಂದು ಕ್ಷಣ ಬಿಟ್ಟು, ಪಂಚಾಯಿತಿ ಸಭೆಯಲ್ಲಿ ಠರಾವು ಓದುವವನಂತೆ, “ಇಲ್ಲಿ ನಾವೆಲ್ಲರೂ ಕ್ಷೇಮವಾಗಿದ್ದೇವೆ. ನೀವೆಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ” ಎಂದ. ಅರವತ್ತು ವರ್ಷಗಳಲ್ಲಿ ನನ್ನನ್ನು ಅವನು ಬಹುವಚನದಲ್ಲಿ ಮಾತನಾಡಿಸಿದ್ದು ಅದೇ ಮೊದಲು.

ಹಳೆಯ ಫೋನಿನಲ್ಲಿ ಇಲ್ಲದ ಈ ಹೆಂಗಸು ಹೊಸದರಲ್ಲಿ ಎಲ್ಲಿಂದ ಬಂದಳೆಂದು ವಿಚಾರಿಸಿದೆ. ತಿಳಿದಷ್ಟನ್ನು ಹೇಳುತ್ತೇನೆ. ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಮೊದಲು ಯಾವ ಆ್ಯಪ್ ಬೇಕಾದರೂ ಕರೆಯ ಎರಡು ಬದಿಯ ದನಿಯನ್ನೂ ಹಿಡಿದಿಟ್ಟುಕೊಳ್ಳಬಹುದಾಗಿತ್ತು. 2018 ಮತ್ತು 2019ರಲ್ಲಿ ಬಂದ ಒಂಬತ್ತನೆಯ ಹಾಗೂ ಹತ್ತನೆಯ ಆವೃತ್ತಿಗಳು ಆ ದಾರಿಯನ್ನು ಒಂದೊಂದಾಗಿ ಮುಚ್ಚಿದವು. ಆ್ಯಪ್ ತಯಾರಿಸುವವರು ಹಿತ್ತಲ ಬಾಗಿಲು ಹುಡುಕಿದರು. ಅಂಧರಿಗೂ ಅಂಗವಿಕಲರಿಗೂ ನೆರವಾಗಲೆಂದು ಫೋನಿನಲ್ಲಿ ಇಟ್ಟಿರುವ ಒಂದು ವಿಶೇಷ ಸೌಲಭ್ಯವನ್ನು ಈ ಕೆಲಸಕ್ಕೆ ಬಳಸಿಕೊಂಡರು. ಆ ಸೌಲಭ್ಯ ಇರುವುದು ಇದಕ್ಕಲ್ಲವೆಂದು ಹೇಳಿ ಗೂಗಲ್ 2022ರ ಮೇ 11ರಿಂದ ತನ್ನ ಅಂಗಡಿಯ ಆ್ಯಪ್‌ಗಳಿಗೆ ಅದನ್ನೂ ನಿಷೇಧಿಸಿತು. ನಮ್ಮಲ್ಲಿ ಬಹಳ ಜನ ಬಳಸುವ ಟ್ರೂಕಾಲರ್ ಆಗ ತನ್ನ ರೆಕಾರ್ಡಿಂಗನ್ನು ನಿಲ್ಲಿಸಿತು; ಮುಂದೆ ಬೇರೆ ವಿಧಾನದಿಂದ ಹಣ ಕೊಡುವವರಿಗೆ ಮತ್ತೆ ಒದಗಿಸಿತು. ಫೋನು ತಯಾರಕರು ತಾವೇ ಒಳಗಿಟ್ಟು ಕಳಿಸುವ ಡಯಲರ್‌ಗೆ ಮಾತ್ರ ಅನುಮತಿ ಉಳಿಯಿತು. ಆದರೆ ಹಲವು ಕಂಪನಿಗಳು ತಮ್ಮದನ್ನು ಬಿಟ್ಟು ಗೂಗಲಿನ ಡಯಲರ್ ಹಾಕತೊಡಗಿದವು. ಈ ಹೆಂಗಸು ಅದರ ಜೊತೆಗೆ ಬಂದವಳು. ಆ್ಯಪಲ್ ಸಂಸ್ಥೆ ತನ್ನ ಐಫೋನಿನಲ್ಲಿ ಈ ಅನುಕೂಲವನ್ನೇ ಕೊಟ್ಟಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೊಟ್ಟಾಗ, ಎರಡೂ ಕಡೆಗೆ ಕೇಳಿಸುವ ಘೋಷಣೆಯೊಡನೆಯೇ ಕೊಟ್ಟಿತು.

ಇಷ್ಟು ತಿಳಿದ ಮೇಲೂ ನಾನು ಸುಮ್ಮನಿರಲಿಲ್ಲ. ಅದೇ ಪಕ್ಕದ ಮನೆಯ ಹುಡುಗನಿಂದ ಯಾವುದೋ ಒಂದು ಆ್ಯಪ್ ಹಾಕಿಸಿ, ಹೆಂಗಸಿಲ್ಲದೆ ಅಣ್ಣನೊಡನೆ ನಲವತ್ತು ನಿಮಿಷ ಮಾತನಾಡಿ, ಆಮೇಲೆ ಹಚ್ಚಿ ಕೇಳಿದೆ. ನನ್ನ ದನಿ ಮಾತ್ರ ಇತ್ತು. “ಹೂಂ.” ನಿಶ್ಶಬ್ದ. “ಹೌದಾ?” ದೀರ್ಘ ನಿಶ್ಶಬ್ದ. “ಆಮೇಲೆ?” ಮತ್ತೆ ನಿಶ್ಶಬ್ದ. “ಛೆ, ಪಾಪ.” ಎದುರಿನ ದನಿಗೆ ಅದರೊಳಗೆ ಪ್ರವೇಶವಿಲ್ಲವಂತೆ. ಇನ್ನೊಂದು ಉಪಾಯವನ್ನು ಹುಡುಗ ಹೇಳಿಕೊಟ್ಟ: ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಮತ್ತೊಂದು ಫೋನನ್ನು ಕಿವಿಗೊಟ್ಟು ಕೂರಿಸುವುದು. ಈಗ ಅನೇಕರು ಮಾಡುವುದು ಇದನ್ನೇ. ಮಾಡಿ ನೋಡಿದೆ. ಫ್ಯಾನಿನ ಸದ್ದು ಚೆನ್ನಾಗಿ ಬಂತು. ಅದಕ್ಕಿಂತ ಹೆಚ್ಚಾಗಿ, ಆ ಎರಡನೆಯ ಫೋನನ್ನು ಮೇಜಿನ ಮೇಲೆ ಜೋಡಿಸುವಾಗ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು. ಹಳೆಯ ಫೋನು ನನಗೆ ತಿಳಿಯದೆ ಮಾಡಿದ ಕೆಲಸವನ್ನು ನಾನು ತಿಳಿದು ಮಾಡುತ್ತಿದ್ದೆ.

ಕರೆಯನ್ನು ಹಿಡಿದಿಡಬೇಕೆಂಬ ಆಸೆ ಹೊಸದೇನೂ ಅಲ್ಲ. ಕಾಂತಶಕ್ತಿಯಿಂದ ಧ್ವನಿಮುದ್ರಿಸುವ ಮೊದಲ ಯಂತ್ರವನ್ನು 1898ರಲ್ಲಿ ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ ಕಂಡುಹಿಡಿದದ್ದೇ ದೂರವಾಣಿಯ ಮಾತನ್ನು ಉಕ್ಕಿನ ತಂತಿಯ ಮೇಲೆ ಉಳಿಸಿಕೊಳ್ಳಲೆಂದು. ಆತ ದೂರವಾಣಿ ಕಂಪನಿಯೊಂದರ ತಂತ್ರಜ್ಞ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಆ ಯಂತ್ರದ ಮುಂದೆ ಆಡಿದ ಎರಡು ಮಾತುಗಳು ಇಂದಿಗೂ ಉಳಿದಿವೆ. ಈ ಆಕಾಶವಾಣಿಯ ಟೇಪುಗಳೂ ನನ್ನ ವಿದ್ಯಾರ್ಥಿದೆಸೆಯ ಕ್ಯಾಸೆಟ್ಟೂ ಆ ವಂಶದವೇ.

ಇನ್ನು ಕಾನೂನು. ‘ಕದ್ದಾಲಿಕೆ’ ಎಂಬ ಪದ ನಮ್ಮ ನಾಡಿನಲ್ಲಿ ಮನೆಮಾತಾದದ್ದು 1988ರಲ್ಲಿ. ಆ ಆರೋಪದ ಬಿರುಗಾಳಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ನಾನಾಗ ಎಳೆಯ ಅಧ್ಯಾಪಕ. ಸ್ಟಾಫ್ ರೂಮಿನ ಫೋನಿನಲ್ಲಿ ಮಾತನಾಡುವಾಗ ಸಹ ನಾವೆಲ್ಲ ದನಿ ತಗ್ಗಿಸುತ್ತಿದ್ದೆವು, ನಮ್ಮ ಮಾತನ್ನು ಕದ್ದು ಕೇಳುವಷ್ಟು ಪುರಸೊತ್ತು ಯಾವ ಸರ್ಕಾರಕ್ಕೂ ಇರಲಾರದೆಂದು ಗೊತ್ತಿದ್ದೂ. ಅದು ಹೊರಗಿನವನು ಕೇಳುವ ಪ್ರಕರಣ. ಮಾತನಾಡುತ್ತಿರುವ ಇಬ್ಬರಲ್ಲಿ ಒಬ್ಬನೇ ಮುದ್ರಿಸಿಕೊಂಡರೆ? ಲಂಚದ ಆರೋಪ ಹೊತ್ತ ಮುಂಬಯಿಯ ಕಾರೋನರ್ ಒಬ್ಬರ ಮೊಕದ್ದಮೆಯಲ್ಲಿ, ಒಂದು ಕಡೆಯವರ ಒಪ್ಪಿಗೆಯಿಂದ ಮುದ್ರಿಸಿದ ಫೋನ್ ಸಂಭಾಷಣೆಯನ್ನು ಸರ್ವೋಚ್ಚ ನ್ಯಾಯಾಲಯ 1972ರಷ್ಟು ಹಿಂದೆಯೇ ಸಾಕ್ಷ್ಯವಾಗಿ ಒಪ್ಪಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಆಮೇಲೂ, 2025ರ ಜುಲೈನಲ್ಲಿ, ಪಂಜಾಬಿನ ಒಂದು ವಿಚ್ಛೇದನ ವ್ಯಾಜ್ಯದಲ್ಲಿ ಗಂಡ ಗುಟ್ಟಾಗಿ ಮುದ್ರಿಸಿದ ಹೆಂಡತಿಯ ಮಾತುಗಳನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಗಂಡಹೆಂಡಿರು ಒಬ್ಬರನ್ನೊಬ್ಬರು ಹೊಂಚಿ ಕೇಳುವ ಮಟ್ಟಕ್ಕೆ ಬಂದರೆಂದರೆ ಅದೇ ಸಂಸಾರ ಮುರಿದಿರುವುದರ ಲಕ್ಷಣ ಎಂಬುದು ಆ ತೀರ್ಪಿನ ಒಂದು ಮಾತು. ಜರ್ಮನಿಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಎದುರಿನವರ ಒಪ್ಪಿಗೆಯಿಲ್ಲದೆ ಖಾಸಗಿ ಮಾತನ್ನು ಮುದ್ರಿಸಿಕೊಳ್ಳುವುದೇ ಅಪರಾಧ. ಲೋಕಕ್ಕೆಲ್ಲ ಒಂದೇ ಫೋನು ಮಾರುವ ಕಂಪನಿಯ ಹೆಂಗಸು ಸಾಗರದಲ್ಲಿರುವ ನನ್ನ ಅಣ್ಣನನ್ನೂ ಎಚ್ಚರಿಸಿದಳು.

ಇದರಲ್ಲಿ ಒಂದು ಅನ್ಯಾಯವಿದೆ, ಹೇಳದೆ ಬಿಡಲಾರೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಪ್ರತಿನಿಧಿ ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಮಾತುಕೊಟ್ಟು, ಹಣ ಕಟ್ಟಿಸಿಕೊಂಡು, ಆಮೇಲೆ ತಾನು ಹಾಗೆ ಹೇಳಿಯೇ ಇಲ್ಲವೆಂದುಬಿಟ್ಟ. ಅವರ ಕಚೇರಿಗೆ ಕರೆ ಮಾಡಿದಾಗಲೆಲ್ಲ, ಸೇವೆಯ ಗುಣಮಟ್ಟಕ್ಕಾಗಿ ಈ ಕರೆಯನ್ನು ಮುದ್ರಿಸಿಕೊಳ್ಳಲಾಗುವುದೆಂಬ ಘೋಷಣೆ ತಪ್ಪದೆ ಕೇಳಿಬರುತ್ತಿತ್ತು. ಹಾಗಾದರೆ ನಿಮ್ಮ ಮುದ್ರಣವನ್ನೇ ಕೇಳಿಸಿ ಎಂದರೆ, ಅದು ಗ್ರಾಹಕರಿಗೆ ಲಭ್ಯವಿಲ್ಲವಂತೆ! ಹಳೆಯ ಫೋನಿನಲ್ಲಿ ಆ ಮಾತು ಇದ್ದದ್ದು ಗೊತ್ತಿದ್ದರೆ ನನ್ನ ಹಣ ಉಳಿಯುತ್ತಿತ್ತೇನೋ. ಗೊತ್ತಾಗುವ ಹೊತ್ತಿಗೆ ನಾನು ಜಗಳ ಬಿಟ್ಟಿದ್ದೆ. ಬೆದರಿಕೆ ಬಂದ ಹೆಣ್ಣುಮಕ್ಕಳಿಗೆ, ಲಂಚ ಕೇಳಿಸಿಕೊಂಡ ರೈತನಿಗೆ ಈ ಗುಂಡಿ ಒಂದು ರಕ್ಷೆ. ಬೆದರಿಸುವವನು ಆ ಹೆಂಗಸಿನ ಘೋಷಣೆ ಕೇಳಿದ ಮೇಲೂ ಬೆದರಿಸುತ್ತ ಕೂರುವನೇ? ದೊಡ್ಡವರು ಮುದ್ರಿಸಿಕೊಂಡರೆ ಗುಣಮಟ್ಟ, ಸಣ್ಣವರು ಮುದ್ರಿಸಿಕೊಂಡರೆ ಅಪಚಾರ ಎಂಬ ಲೆಕ್ಕ ನನಗೆ ಹಿಡಿಸುವುದಿಲ್ಲ.

ಆದರೆ ಅಕ್ಕ ನನ್ನನ್ನು ಬೆದರಿಸುತ್ತಿರಲಿಲ್ಲ. ತುಳಸಿಕಟ್ಟೆಯ ಬಳಿ ನೆನೆಯುತ್ತ ನಿಂತು ಮಾತನಾಡಿದವಳನ್ನು ಒಂದು ಮಾತು ಕೇಳಬೇಕಾಗಿತ್ತು. ಕೇಳಿದ್ದರೆ ಅವಳು ಖಂಡಿತ ಒಪ್ಪುತ್ತಿದ್ದಳು. ಒಪ್ಪಿ, ಕ್ಷೇಮಸಮಾಚಾರ ಹೇಳಿ ಫೋನಿಡುತ್ತಿದ್ದಳು. ಈ ಲೆಕ್ಕವನ್ನು ನಾನು ಎಷ್ಟು ಬಾರಿ ಹಾಕಿದರೂ ಕೊನೆಯಲ್ಲಿ ಶೇಷ ಉಳಿಯುತ್ತದೆ.

ಅಣ್ಣನನ್ನು ಮಾತ್ರ ಕೇಳಿದೆ. ನಿನ್ನ ಮಾತು ಉಳಿಯಲಿ ಎಂಬ ಆಸೆ ಅಣ್ಣ, ಅಕ್ಕನದು ಉಳಿದ ಹಾಗೆ, ಎಂದೆ. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, “ಮೊದಲು ನಾವಿಬ್ಬರೇ ಮಾತಾಡೋಣ. ಆಮೇಲೆ ಬೇಕಾದರೆ ಆ ಹುಡುಗೀನ ಕರಿ” ಎಂದ. ಈಗ ಎರಡು ವರ್ಷಗಳಿಂದ ಹಾಗೆಯೇ ನಡೆದಿದೆ. ಮಾತೆಲ್ಲ ಮುಗಿಯುತ್ತ ಬಂದಾಗ ಅವನೇ “ಕರೆಯಾ ಅವಳನ್ನ” ಎನ್ನುತ್ತಾನೆ. ಅವಳು ಬಂದು ಇಂಗ್ಲಿಷಿನಲ್ಲಿ ತನ್ನ ಘೋಷಣೆ ಮಾಡುತ್ತಾಳೆ. ಅಣ್ಣ ಆಗ ಹಳೆಯ ಕಾಲದ ಯಾವುದಾದರೂ ಒಂದು ಸಂಗತಿ ಹೇಳುತ್ತಾನೆ: ಶರಾವತಿ ಮುಳುಗಡೆಯಾದಾಗ ಅಪ್ಪ ಯಾರ್‍ಯಾರ ಸಾಮಾನು ಗಾಡಿಗೆ ಏರಿಸಿದರು, ಅಮ್ಮ ಉಪ್ಪಿನಕಾಯಿಗೆ ಯಾವ ಮರದ ಮಿಡಿ ತರಿಸುತ್ತಿದ್ದಳು, ಹೀಗೆ. ಮೊದಮೊದಲು ಠರಾವಿನ ಭಾಷೆಯಲ್ಲಿಯೇ ಹೇಳುತ್ತಿದ್ದ. ಬರಬರುತ್ತ ‘ನಾವು’ ಹೋಗಿ ‘ನಾನು’ ಬಂದಿದೆ, ನನಗೆ ಮತ್ತೆ ಏಕವಚನ ಸಿಕ್ಕಿದೆ. ಒಂದೊಂದು ಸಲ ಅವಳಿಗೂ “ಕೇಳಿದ್ಯಾ ಹುಡುಗಿ?” ಎನ್ನುವುದುಂಟು.

ಕಳೆದ ಭಾನುವಾರ ಅಣ್ಣನ ದನಿ ಸ್ವಲ್ಪ ಸೋತಂತಿತ್ತು. ಹೊತ್ತಾಗುತ್ತ ಬಂತು, ಅವಳನ್ನು ಕರೆಯಲೇ ಎಂದು ಕೇಳಿದೆ. “ಇವತ್ತು ಅವಳು ಬೇಡ ಮಾರಾಯ” ಎಂದ. ಇನ್ನೂ ಒಂದು ಗಂಟೆ ಮಾತನಾಡಿದೆವು. ಅಕ್ಕನ ವಿಷಯ ಹೆಚ್ಚು ಬಂತು. ಸಾಗರದಲ್ಲಿ ಆಗ ಮಳೆ ಶುರುವಾಗಿತ್ತು, ಹಂಚಿನ ಮೇಲೆ.